ಹುಳದ ಬೆನ್ನ ಮೇಲಿನ ಬಿಳಿ ಅಕ್ಕಿಕಾಳು ಮೊಟ್ಟೆ ಅಲ್ಲ, ದಯವಿಟ್ಟು ಔಷಧಿ ಹೊಡೀಬೇಡಿ

ಶಿಡ್ಲಘಟ್ಟ ಕಡೆಯ ರೈತರೊಬ್ಬರು ಫೋಟೋ ಹಾಕಿ ಕೇಳಿದಾರೆ: "ಸರ್, ನಾವು ರೇಷ್ಮೆ ಮಾಡೋರು. ಹಿಪ್ಪುನೇರಳೆ ಪಕ್ಕದಲ್ಲೇ ಹತ್ತು ಗುಂಟೆ ಬದನೆ ಇದೆ. ಅದರಲ್ಲಿ ಬೆರಳುದ್ದ ದಪ್ಪ ಹಸಿರು ಹುಳ ಸಿಕ್ತು, ಬಾಲದ ಹತ್ರ ಒಂದು ಕೊಂಬು, ಬೆನ್ನ ತುಂಬಾ ಅಕ್ಕಿಕಾಳು ಅಂಟಿಸಿದ ಹಾಗೆ ಬಿಳೀದು. ಇವು ಅದರ ಮೊಟ್ಟೆನಾ? ಒಡೆದ್ರೆ ನೂರಾರು ಹುಳ ಆಗ್ತವಾ? ಯಾವ ಔಷಧಿ ಹೊಡೀಲಿ? ರೇಷ್ಮೆ ಹುಳಕ್ಕೆ ಇದರಿಂದ ತೊಂದ್ರೆ ಇದ್ಯಾ? ನಮ್ಮಜ್ಜಿ ಹುಳನೇ ಕಣಜ ಆಗುತ್ತೆ ಅಂತಾರೆ, ಅದು ನಿಜಾನಾ?"

ಮೊದಲು ಔಷಧಿ ವಿಷಯ ಹೇಳ್ಬಿಡ್ತೀನಿ, ಯಾಕಂದ್ರೆ ಇದನ್ನ ಪೂರ್ತಿ ಓದೋಷ್ಟರಲ್ಲಿ ನೀವು ಪಂಪ್ ಹೆಗಲಿಗೆ ಹಾಕ್ಕೊಂಡು ಹೊರಟಿರ್ಬಾರ್ದು. ಹೊಡೀಬೇಡಿ. ಆ ಹುಳನ ಕಿತ್ತು ಬಿಸಾಕ್ಬೇಡಿ, ಕಾಲಲ್ಲಿ ತುಳೀಬೇಡಿ, ಇದ್ದ ಕಡೆನೇ ಬಿಟ್ಬಿಡಿ. ಅದು ಇನ್ನು ನಿಮ್ಮ ಬದನೆ ಎಲೆ ತಿನ್ನಲ್ಲ, ಪತಂಗವೂ ಆಗಲ್ಲ, ಮೊಟ್ಟೆಯೂ ಇಡಲ್ಲ. ಅದರ ಮೈಮೇಲೆ ಇರೋ ಒಂದೊಂದು ಬಿಳಿ ಕಾಳಿನೊಳಗೂ ಒಂದೊಂದು ಕಣಜ ಇದೆ, ಅವೆಲ್ಲ ನಿಮ್ಮ ಕಡೆಯವು.

ಮೊಟ್ಟೆ ಯಾಕಲ್ಲ ಅಂದ್ರೆ ನೀವು ರೇಷ್ಮೆಯವರು, ನಿಮಗೆ ನಾನು ಹೇಳಿಕೊಡೋದೇನಿಲ್ಲ. ಹುಳ ಯಾವತ್ತಾದ್ರೂ ಮೊಟ್ಟೆ ಇಡುತ್ತಾ? ಗೂಡು ಕಟ್ಟಿ, ಪತಂಗ ಆಗಿ ಹೊರಗೆ ಬಂದಮೇಲೆ ತಾನೇ ಮೊಟ್ಟೆ. ಬದನೆ ಹುಳಕ್ಕೂ ಅದೇ ಲೆಕ್ಕ. ಫೋಟೋದಲ್ಲಿರೋದು ಹಾಕ್ ಮಾತ್ ಅನ್ನೋ ದೊಡ್ಡ ಪತಂಗದ ಮರಿ, ಬದನೆ, ಎಳ್ಳು, ಅವರೆ ಮೇಲೆ ಒಂದೊಂದು ಸಿಗುತ್ತೆ. ಇದರಲ್ಲೇ ಒಂದು ಜಾತಿಯ ಪತಂಗದ ಬೆನ್ನ ಮೇಲೆ ತಲೆಬುರುಡೆ ಥರ ಗುರುತು ಇರುತ್ತೆ, ರಾತ್ರಿ ಜೇನುಗೂಡಿಗೆ ನುಗ್ಗಿ ತುಪ್ಪ ಕುಡಿಯುತ್ತೆ. ಆ ಬಿಳಿ ಕಾಳುಗಳು ಗೂಡು. ನಿಮ್ಮ ಚಂದ್ರಿಕೆಯಲ್ಲಿ ಕಟ್ಟೋ ಗೂಡಿನ ಥರದ್ದೇ, ರೇಷ್ಮೆಯಲ್ಲೇ ನೇಯ್ದಿರೋದು, ಅಕ್ಕಿಕಾಳಿನಷ್ಟು ಚಿಕ್ಕದು ಅಷ್ಟೇ. ಕಟ್ಟಿರೋದು ಬ್ರಾಕೊನಿಡ್ ಅನ್ನೋ ಕುಟುಂಬದ ಪುಟಾಣಿ ಕಣಜದ ಮರಿಗಳು. ಕಣಜ ಅಂದ ತಕ್ಷಣ ಸೂರಲ್ಲಿ ಗೂಡು ಕಟ್ಟಿ ಕಚ್ಚೋ ಕಣಜ ಅಂದ್ಕೋಬೇಡಿ. ಇದು ಸೊಳ್ಳೆಗಿಂತ ಚಿಕ್ಕದು, ಕಪ್ಪಗೆ, ಮೂರು ಮಿಲಿಮೀಟರ್ ಬಂದ್ರೆ ಹೆಚ್ಚು, ನಮಗೇನೂ ಮಾಡಲ್ಲ, ನಿಮ್ಮ ತೋಟದಲ್ಲಿ ದಿನಾ ಹಾರಾಡ್ತಿದ್ರೂ ನೀವು ನೋಡಿರಲ್ಲ.

ನಾನು ಓದ್ತಿದ್ದಾಗ ಒಂದ್ಸಲ ರಜೆಗೆ ಊರಿಗೆ ಬಂದಾಗ, ನಮ್ಮದು ಮುಳಬಾಗಿಲು ಕಡೆ, ಎಳ್ಳು ಗಿಡದಿಂದ ಇಂಥದೇ ಹುಳ ತಂದು ಹಾರ್ಲಿಕ್ಸ್ ಬಾಟ್ಲಿಗೆ ಹಾಕಿ ಬಟ್ಟೆ ಕಟ್ಟಿ ಅಡುಗೆಮನೆ ಕಿಟಕಿಯಲ್ಲಿ ಇಟ್ಟಿದ್ದೆ. ಎರಡು ದಿನ ಚೆನ್ನಾಗೇ ಎಲೆ ತಿಂತು. ಮೂರನೇ ದಿನ ಬೆಳಗ್ಗೆ ತಿನ್ನೋದು ನಿಲ್ಲಿಸಿ ಕಡ್ಡಿ ಹಿಡ್ಕೊಂಡು ಸುಮ್ನೆ ಕೂತ್ಕೊಂಡ್ತು. ನಾನು ಜ್ವರಕ್ಕೆ ಕೂತಿದೆ, ಪೊರೆ ಬಿಡುತ್ತೆ ಅಂದ್ಕೊಂಡೆ. ಮಧ್ಯಾಹ್ನ ನೋಡಿದ್ರೆ ಪಕ್ಕದ ಚರ್ಮದಲ್ಲಿ ಸೂಜಿ ಚುಚ್ಚಿದ ಹಾಗೆ ಒಂದು ಚುಕ್ಕಿ, ಅದರಿಂದ ಬಿಳೀ ತಲೆ ಒಂದು ಮೆಲ್ಲಗೆ ಹೊರಗೆ ಬಂತು, ಆಮೇಲೆ ಪಕ್ಕದಲ್ಲಿ ಇನ್ನೊಂದು, ಆಮೇಲೆ ಎಣಿಸೋಕೆ ಆಗದಷ್ಟು. ಅರ್ಧ ಮೈ ಹೊರಗೆ ಬಂದಿದೆ ಅನ್ನೋಷ್ಟರಲ್ಲೇ ನೂಲೋಕೆ ಶುರು, ನಮ್ಮ ರೇಷ್ಮೆ ಹುಳ ತಲೆ ಆಡಿಸುತ್ತಲ್ಲ, ಆ ಕಡೆಗೊಂದ್ಸಲ ಈ ಕಡೆಗೊಂದ್ಸಲ, ಅದೇ ಆಟ. ಕಾಫಿ ಕುಡಿದು ಬರೋಷ್ಟರಲ್ಲಿ ಬಾಗಿಲು ಮುಚ್ಚಿಕೊಂಡಾಗಿತ್ತು. ದೊಡ್ಡ ಹುಳ ಆಗಲೂ ಬದುಕೇ ಇತ್ತು, ಕಡ್ಡಿಯಲ್ಲಿ ಮುಟ್ಟಿದ್ರೆ ತಲೆ ಎತ್ತುತ್ತಿತ್ತು, ಆದ್ರೆ ತಾಜಾ ಎಲೆ ಬಾಯಿಗೆ ಇಟ್ರೂ ಮುಟ್ಟಲಿಲ್ಲ. ಆರನೇ ದಿನ ಒಂದೊಂದು ಗೂಡಿನ ತುದಿಯೂ ಪುಟ್ಟ ಮುಚ್ಚಳದ ಥರ ಗುಂಡಗೆ ಕತ್ತರಿಸಿ ತೆರೆದಿತ್ತು, ಬಟ್ಟೆ ಕೆಳಗೆ ಕಪ್ಪು ಕಣಜಗಳು ಓಡಾಡ್ತಿದ್ವು. ನಾನು ಕೀಟಶಾಸ್ತ್ರದಲ್ಲೇ ಉಳಿದಿದ್ದಕ್ಕೆ ಆ ಬಾಟ್ಲಿನೇ ಕಾರಣ.

ಈಗ ಒಳಗೆ ಏನಾಗಿತ್ತು ಅಂತ ಹೇಳ್ತೀನಿ. ತಾಯಿ ಕಣಜ ಹುಳ ಚಿಕ್ಕದಿರುವಾಗಲೇ ಅದರ ಮೈಗೆ ಹಿಂದಿನ ಸೂಜಿಯಂಥ ಕೊಳವೆ ಚುಚ್ಚಿ ಮೊಟ್ಟೆ ಒಳಗೆ ಇಟ್ಟು ಹೋಗುತ್ತೆ, ಕ್ಷಣದ ಕೆಲಸ. ಹುಳದ ಮೈಯಲ್ಲೂ ಕಾವಲು ಇದೆ. ಹೊರಗಿಂದ ಏನೇ ಒಳಗೆ ಬಂದ್ರೂ ರಕ್ತದ ಕಣಗಳು ಬಂದು ಸುತ್ತ ಮುತ್ತಿಕೊಂಡು ಪದರದ ಮೇಲೆ ಪದರ ಹಾಕಿ ಕಪ್ಪಗೆ ಗಟ್ಟಿ ಮಾಡಿ ಉಸಿರುಗಟ್ಟಿಸಿಬಿಡ್ತವೆ. ಆ ಕಪ್ಪು ನಿಮಗೆ ಚೆನ್ನಾಗಿ ಗೊತ್ತು. ಊಜಿ ನೊಣ ಮೊಟ್ಟೆ ಇಟ್ಟ ರೇಷ್ಮೆ ಹುಳದ ಮೇಲೆ ಕಪ್ಪು ಕಲೆ ಬರುತ್ತಲ್ಲ, ಅದು ಹುಳ ತನ್ನನ್ನ ಉಳಿಸ್ಕೊಳ್ಳೋಕೆ ಹೋರಾಡಿದ ಗುರುತು. ಊಜಿ ಮರಿ ಆ ಹೋರಾಟನೇ ಉಪಯೋಗಿಸ್ಕೊಳ್ಳುತ್ತೆ, ಹುಳ ಕಟ್ಟಿದ ಗಟ್ಟಿ ಕವಚನ ಹೊರಗಿನ ಗಾಳಿ ಎಳೆಯೋ ಕೊಳವೆ ಮಾಡ್ಕೊಂಡು ಅದಕ್ಕೆ ಹಿಂಭಾಗ ಕೊಟ್ಟು ಉಸಿರಾಡ್ತಾ ಒಳಗೆ ತಿಂತಾ ಇರುತ್ತೆ. ಕಣಜದ ದಾರಿ ಬೇರೆ, ಅದು ಕಾವಲನ್ನೇ ಮಲಗಿಸಿಬಿಡುತ್ತೆ.

ಹೇಗೆ ಮಲಗಿಸುತ್ತೆ ಅನ್ನೋದೇ ನನಗೆ ಇಡೀ ಕೀಟಲೋಕದಲ್ಲಿ ಅತಿ ದೊಡ್ಡ ಆಶ್ಚರ್ಯ. ಮೊಟ್ಟೆ ಜೊತೆ ತಾಯಿ ಕಣಜ ಒಂದು ದ್ರವನೂ ಸೇರಿಸುತ್ತೆ, ಆ ದ್ರವದ ತುಂಬಾ ವೈರಸ್. ಅದು ಕಣಜಕ್ಕೆ ಬಂದ ಕಾಯಿಲೆ ಅಲ್ಲ, ಆ ವೈರಸ್ಸಿನ ಜೀನುಗಳು ಕಣಜದ ವರ್ಣತಂತುವಿನಲ್ಲೇ ಬೆರೆತು ಹೋಗಿವೆ, ತಾಯಿಯಿಂದ ಮಗಳಿಗೆ ಹುಟ್ಟಿನಲ್ಲೇ ಬರ್ತವೆ, ಹೆಣ್ಣು ಕಣಜದ ಅಂಡಾಶಯದಲ್ಲಿ ಮಾತ್ರ ಕಣಗಳಾಗಿ ತಯಾರಾಗ್ತವೆ. ಹುಳದ ಮೈ ಸೇರಿದ ಮೇಲೆ ಅದು ಬೇರೆ ವೈರಸ್ ಥರ ತನ್ನನ್ನ ತಾನು ಹೆಚ್ಚಿಸ್ಕೊಳ್ಳಲ್ಲ, ಹುಳದ ರಕ್ತಕಣದೊಳಗೆ ಹೋಗಿ ಅವು ಮುತ್ತಿಕೊಳ್ಳೋ ಶಕ್ತಿ ಕಳೆಯುತ್ತೆ. ವೈರಸ್ ಇಲ್ಲದ ಹಾಗೆ ತೊಳೆದ ಮೊಟ್ಟೆ ಹುಳದೊಳಗೆ ಇಟ್ರೆ ಹುಳ ಅದನ್ನ ಮುತ್ತಿ ಸಾಯಿಸುತ್ತೆ, ಆ ದ್ರವ ಸೇರಿಸಿದ್ರೆ ಮೊಟ್ಟೆ ಉಳಿಯುತ್ತೆ. ಅಮೆರಿಕಾದ ವಿಜ್ಞಾನಿಗಳು ಈ ಕೆಲಸ ವೈರಸ್ಸಿನದೇ ಅಂತ 1981ರಲ್ಲಿ ತೋರಿಸಿಕೊಟ್ಟರು. ಬ್ರಾಕೊನಿಡ್ ಕಣಜದ ಈ ವೈರಸ್ ಮೂಲದಲ್ಲಿ ಕೀಟಗಳಿಗೆ ಬರೋ ನ್ಯೂಡಿವೈರಸ್ ಅನ್ನೋ ಗುಂಪಿಂದ ಬಂದಿದ್ದು ಅಂತ 2009ರಲ್ಲಿ ಗೊತ್ತಾಯ್ತು. ಸುಮಾರು 10 ಕೋಟಿ ವರ್ಷದ ಹಿಂದೆ ಯಾವುದೋ ಕಣಜದ ಮೈ ಸೇರಿದ ವೈರಸ್ ಇವತ್ತು ನಿಮ್ಮ ಬದನೆ ಸಾಲಲ್ಲಿ ಕೆಲಸ ಮಾಡ್ತಿದೆ ಅಂದ್ರೆ ಯೋಚನೆ ಮಾಡಿ.

ಕಾವಲು ಮಲಗಿದ ಮೇಲೆ ಮರಿಗಳು ಹುಳದ ರಕ್ತದಲ್ಲಿ ತೇಲ್ತಾ ಅದನ್ನೇ ಕುಡಿದು ಬೆಳೀತವೆ. ಕರುಳು, ನರ ಮುಟ್ಟಲ್ಲ, ಹುಳ ಬದುಕಿ ಎಲೆ ತಿಂತಾ ಇದ್ರೇ ತಾನೇ ಇವಕ್ಕೆ ಊಟ. ಹುಳ ಬೇಗ ಹಣ್ಣಾಗಿ ಕೋಶ ಆಗಿಬಿಟ್ರೂ ಇವಕ್ಕೆ ಕಷ್ಟ, ಅದಕ್ಕೆ ಹುಳದ ಹಾರ್ಮೋನಿಗೂ ಕೈ ಹಾಕ್ತವೆ. ನಿಮ್ಮಲ್ಲಿ ಎಷ್ಟೋ ಜನ ಹುಳ ಒಟ್ಟಿಗೆ ಹಣ್ಣಾಗಲಿ ಅಂತ 'ಸಂಪೂರ್ಣ' ಅನ್ನೋ ದ್ರಾವಣನ ಸೊಪ್ಪಿಗೆ ಚಿಮುಕಿಸ್ತೀರಲ್ಲ, ಅದು ಹಣ್ಣು ಮಾಡೋ ಹಾರ್ಮೋನು. ಕಣಜದ ಮರಿ ಮಾಡೋದು ಅದಕ್ಕೆ ಪೂರಾ ಉಲ್ಟಾ, ಎಳೆತನದ ಹಾರ್ಮೋನು ಇಳಿಯದ ಹಾಗೆ ಹಿಡಿದಿಟ್ಟು ಹುಳನ ಹುಳವಾಗೇ ಉಳಿಸುತ್ತೆ. ಇವು ಹೊರಗೆ ಬಂದ ಮೇಲೂ ಆ ಹುಳ ಕೆಲವು ದಿನ, ಒಂದೊಂದ್ಸಲ ವಾರಕ್ಕೂ ಮೇಲೆ, ತಿನ್ನದೆ ಕುಡಿಯದೆ ಹಾಗೇ ಹಿಡ್ಕೊಂಡಿರುತ್ತೆ, ಆಮೇಲೆ ಸಾಯುತ್ತೆ. ನಿಮ್ಮ ಫೋಟೋದ ಹುಳ ಈಗ ಆ ಹಂತದಲ್ಲಿದೆ.

ಅಷ್ಟು ದಿನ ಯಾಕೆ ಬದುಕಿರಬೇಕು ಅನ್ನೋದಕ್ಕೆ ಬ್ರೆಜಿಲ್ಲಿನಲ್ಲಿ ಒಂದು ಒಳ್ಳೆ ಪ್ರಯೋಗ ಆಯ್ತು, 2008ರಲ್ಲಿ ಪ್ರಕಟ ಆಗಿದ್ದು. ಅಲ್ಲಿ ಗ್ಲಿಪ್ಟಾಪಾಂಟೆಲಿಸ್ ಅನ್ನೋ ಕಣಜದ ಮರಿಗಳು ಹೊರಬಂದು ಗೂಡು ಕಟ್ಟಿದ ಮೇಲೆ ಹುಳ ಆ ಗೂಡುಗಳ ಮೇಲೇ ಬಾಗಿ ನಿಲ್ಲುತ್ತೆ, ತಿಗಣೆ ಏನಾದ್ರೂ ಹತ್ರ ಬಂದ್ರೆ ತಲೆ ಜೋರಾಗಿ ಬೀಸಿ ಓಡಿಸುತ್ತೆ. ಕಣಜ ಹೊಡೆಯದ ಹುಳ ಹೀಗೆ ಮಾಡೋದೇ ಇಲ್ಲ. ಕೊಯ್ದು ನೋಡಿದಾಗ ಹುಳದೊಳಗೆ ಒಂದೆರಡು ಮರಿ ಹೊರಗೆ ಬರದೆ ಉಳ್ಕೊಂಡಿದ್ವಂತೆ. ಹುಳದ ನಡತೆ ಬದಲಾಗೋದಕ್ಕೆ ಆ ಉಳಿದ ಮರಿಗಳೇ ಕಾರಣ ಇರಬಹುದು ಅಂತ ಅವರು ಬರೆದಿದಾರೆ. ಇದು ಬ್ರೆಜಿಲ್ಲಿನ ಮಾತು, ಆದ್ರೆ ಅದೇ ಗ್ಲಿಪ್ಟಾಪಾಂಟೆಲಿಸ್ ಗುಂಪಿನ ಕಣಜ ನಮ್ಮ ಜಿಲ್ಲೆಗೂ ಹೊರಗಿನದಲ್ಲ. 2018ರಲ್ಲಿ ಮುಸುಕಿನ ಜೋಳಕ್ಕೆ ಫಾಲ್ ಆರ್ಮಿವರ್ಮ್ ಬಂದು ಸುಳಿ ಎಲ್ಲಾ ಜರಡಿ ಆಗಿದ್ದು ನೆನಪಿರಬೇಕು, ದೇಶದಲ್ಲೇ ಮೊದಲು ಕಂಡಿದ್ದು ಕರ್ನಾಟಕದಲ್ಲಿ. ಆ ವರ್ಷನೇ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದವರು ಚಿಕ್ಕಬಳ್ಳಾಪುರ, ಹಾಸನ, ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗದ ಜೋಳದ ಹೊಲ ಸುತ್ತಿದಾಗ ನಮ್ಮ ಸ್ಥಳೀಯ ಕಣಜಗಳು ಆಗಲೇ ಹೊಸ ಹುಳನ ಹುಡುಕಿ ಹೊಡೀತಿದ್ವು. ಟ್ರೈಕೋಗ್ರಾಮಾ, ಟೆಲಿನೋಮಸ್ ಮೊಟ್ಟೆಗೆ, ಗ್ಲಿಪ್ಟಾಪಾಂಟೆಲಿಸ್, ಕ್ಯಾಂಪೊಲೆಟಿಸ್ ಹುಳಕ್ಕೆ. ಇದರಲ್ಲಿ ಕ್ಯಾಂಪೊಲೆಟಿಸ್ ಕೋಲಾರದ ಟೊಮ್ಯಾಟೊದವರಿಗೆ ಹಳೇ ಸ್ನೇಹಿತ, ಕಾಯಿಕೊರಕ ಚಿಕ್ಕದಿರುವಾಗಲೇ ಒಂದೇ ಒಂದು ಮೊಟ್ಟೆ ಇಟ್ಟು, ಅದು ಕಾಯಿ ಹಾಳು ಮಾಡೋ ವಯಸ್ಸಿಗೆ ಬರೋ ಮುಂಚೆನೇ ಮುಗಿಸುತ್ತೆ.

ಎಲ್ಲಾ ಕಣಜನೂ ಹೀಗೆ ಹುಳನ ಬದುಕಿಸಿಟ್ಟು ತಿನ್ನಲ್ಲ. ತಿಪಟೂರು, ತುರುವೇಕೆರೆ ಕಡೆ ತೆಂಗಿನ ಗರಿ ಒಣಗಿಸೋ ಕಪ್ಪು ತಲೆ ಹುಳ ಇದೆಯಲ್ಲ, ಅದಕ್ಕೆ ಬಿಡೋ ಗೋನಿಯೋಜಸ್ ಕಣಜ ಮೊದಲೇ ಚುಚ್ಚಿ ಹುಳದ ಕೈಕಾಲು ಆಡದ ಹಾಗೆ ಮಾಡಿಬಿಡುತ್ತೆ, ಆಮೇಲೆ ಮೊಟ್ಟೆನ ಮೈಯೊಳಗೆ ಅಲ್ಲ, ಮೈಮೇಲೆ ಸಾಲಾಗಿ ಅಂಟಿಸುತ್ತೆ, ಮರಿ ಹೊರಗೆ ಕೂತೇ ಹೀರಿ ಬೆಳೀತವೆ. ಇದರ ತಾಯಿ ಮಾತ್ರ ಬಿಟ್ಟು ಹೋಗಲ್ಲ, ಮರಿ ಬೆಳೆಯೋವರೆಗೂ ಪಕ್ಕದಲ್ಲೇ ಕಾವಲು ಇರುತ್ತೆ. ತುಮಕೂರು ಕಡೆ ತೋಟದಲ್ಲಿ ಗರಿ ಬಿಡಿಸಿ ಜೇಡರ ಬಲೆ ಥರದ ಸುರಂಗದೊಳಗೆ ಇದನ್ನ ತೋರಿಸಿದ್ರೆ ರೈತರು ಮೊದಲು ನಂಬಲ್ಲ, ಇಷ್ಟು ಚಿಕ್ಕ ಹುಳ ಮಕ್ಕಳನ್ನ ಕಾಯುತ್ತಾ ಅಂತಾರೆ.

ಇಲ್ಲಿಗೆ ನಿಮ್ಮಜ್ಜಿ ಮಾತು ಬರುತ್ತೆ. ಅವರು ಹೇಳೋದು ನಮ್ಮ ಕಡೆ ಬಹಳ ಹಳೇ ಮಾತು, ಭ್ರಮರ ಕೀಟ ನ್ಯಾಯ ಅಂತ ಹೆಸರೇ ಇದೆ. ಕುಂಬಾರ ಹುಳ, ಅದೂ ಒಂದು ಕಣಜನೇ, ಗೋಡೆ ಮೂಲೆಯಲ್ಲಿ ಮಣ್ಣಿನ ಗಡಿಗೆ ಕಟ್ಟಿ ಅದರೊಳಗೆ ಹಸಿರು ಹುಳ ತಂದಿಟ್ಟು, ಬಾಯಿ ಮುಚ್ಚಿ, ಗುಂಯ್ ಅಂತ ಸುತ್ತುತ್ತೆ, ಕೆಲವು ದಿನ ಆದ್ಮೇಲೆ ಗಡಿಗೆ ಒಡೆದು ಕಣಜ ಆಚೆ ಬರುತ್ತೆ. ಕಣಜದ ಧ್ಯಾನ ಮಾಡಿ ಮಾಡಿ ಹುಳನೇ ಕಣಜ ಆಯ್ತು, ಗುರುವನ್ನ ನೆನೆದು ಶಿಷ್ಯ ಗುರುವೇ ಆದ ಹಾಗೆ ಅಂತ ನಮ್ಮ ಹಿರೀಕರು ಅರ್ಥ ಮಾಡ್ಕೊಂಡ್ರು. ಹುಳ ಒಳಗೆ ಹೋಗಿದ್ದು ನಿಜ, ಕಣಜ ಹೊರಗೆ ಬಂದಿದ್ದೂ ನಿಜ, ನೋಡಿದ್ದರಲ್ಲಿ ತಪ್ಪೇ ಇಲ್ಲ. ನಡುವೆ ಮುಚ್ಚಿದ ಗಡಿಗೆಯಲ್ಲಿ ಕಣಜದ ಮೊಟ್ಟೆ ಒಡೆದು ಮರಿ ಆ ಹುಳನ ತಿಂದು ಬೆಳೆದಿದ್ದು ಮಾತ್ರ ಕಣ್ಣಿಗೆ ಬೀಳಲಿಲ್ಲ. ಕುಂಬಾರ ಹುಳ ಲೆಕ್ಕದಲ್ಲಿ ಬೇಟೆಗಾರ, ಹುಳನ ಹೊತ್ತು ತಂದು ಉಗ್ರಾಣ ತುಂಬುತ್ತೆ. ನಿಮ್ಮ ಬದನೆ ಕಣಜ ಪರತಂತ್ರ ಜೀವಿ, ಹುಳನ ಹೊರೋಕೇ ಹೋಗಲ್ಲ, ಹುಳನೇ ಅದಕ್ಕೆ ಗಡಿಗೆ. ಅಜ್ಜಿಗೆ ಹೇಳಿ, ಹುಳ ಕಣಜ ಆಗಲ್ಲ, ಆದ್ರೆ ಅವರು ನೋಡಿದ್ದು ಸರಿಯಾಗೇ ನೋಡಿದಾರೆ ಅಂತ.

ಅಷ್ಟು ಚಿಕ್ಕ ಕಣಜಕ್ಕೆ ಹತ್ತು ಗುಂಟೆಯಲ್ಲಿ ಒಂದು ಹುಳ ಹೇಗೆ ಸಿಗುತ್ತೆ ಅಂತ ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ. ಗಿಡನೇ ಕರೆಯುತ್ತೆ. ಮುಸುಕಿನ ಜೋಳದಲ್ಲಿ 1990ರ ಹೊತ್ತಿಗೆ ಮಾಡಿದ ಪ್ರಯೋಗದಲ್ಲಿ ಬ್ಲೇಡಲ್ಲಿ ಎಲೆ ಗೀರಿದ್ರೆ ಅಷ್ಟೊಂದು ವಾಸನೆ ಬರಲಿಲ್ಲ, ಅದೇ ಗಾಯಕ್ಕೆ ಹುಳದ ಎಂಜಲು ಹಚ್ಚಿದ್ರೆ ಗಿಡ ಕೆಲವು ಗಂಟೆಯಲ್ಲಿ ಬೇರೆ ವಾಸನೆ ಬಿಡೋಕೆ ಶುರು ಮಾಡ್ತು, ಕಣಜ ಆ ವಾಸನೆ ಹಿಡಿದು ಬಂತು. ಎಂಜಲಲ್ಲಿರೋ ಆ ವಸ್ತುನ 1997ರಲ್ಲಿ ಗುರುತಿಸಿ ವಾಲಿಸಿಟಿನ್ ಅಂತ ಹೆಸರಿಟ್ಟರು. ಹತ್ರ ಬಂದ ಮೇಲೆ ಹುಳದ ಹಿಕ್ಕೆ ವಾಸನೆ ಸಾಕು. ಈ ಕರೆ ಕೇಳಿಸ್ಕೊಳ್ಳೋರು ಇನ್ನೂ ಇದಾರೆ, ಈ ಕಣಜದ ಗೂಡಿಗೇ ಮೊಟ್ಟೆ ಇಡೋ ಇನ್ನೊಂದು ಜಾತಿ ಕಣಜಗಳು, ಕಳ್ಳನ ಮನೆಗೆ ಇನ್ನೊಬ್ಬ ಕಳ್ಳ. ಹಾಗಾಗಿ ನಿಮ್ಮ ಬಿಳಿ ಗೂಡಲ್ಲಿ ಕೆಲವದರಿಂದ ಬೇರೆ ಥರದ ಕಣಜ ಬಂದ್ರೆ ಗಾಬರಿ ಬೇಡ.

ರೇಷ್ಮೆ ವಿಷಯ. ಈ ಕಣಜಗಳು ಕಂಡ ಕಂಡ ಹುಳಕ್ಕೆಲ್ಲ ಹೋಗಲ್ಲ, ಆ ವೈರಸ್ಸಿನ ಬೀಗದ ಕೈ ಕೆಲವೇ ಜಾತಿ ಹುಳದ ಬೀಗಕ್ಕೆ ಹೊಂದುತ್ತೆ, ಅದಕ್ಕೇ ಒಂದೊಂದು ಕಣಜಕ್ಕೆ ಒಂದೊಂದು ಗುಂಪು. ನಿಮ್ಮ ಹುಳ ಮನೆಗೆ ಭಯ ಇರೋದು ಊಜಿ ನೊಣದ್ದು, ಅದು 1980ರಲ್ಲಿ ಬಂಗಾಳದ ಕಡೆಯಿಂದ ಗೂಡಿನ ಜೊತೆ ಕರ್ನಾಟಕಕ್ಕೆ ಬಂದಿದ್ದು, ಅದು ನೊಣ, ಕಣಜ ಅಲ್ಲ. ಆ ಊಜಿಯನ್ನ ಹೊಡೆಯೋಕೆ ಇಲಾಖೆಯಿಂದ ಚೀಲದಲ್ಲಿ ಕೊಡ್ತಾರಲ್ಲ ನೆಸೊಲಿಂಕ್ಸ್ ಥೈಮಸ್, ಅದು ಕಣಜ, ಊಜಿ ಕೋಶದೊಳಗೆ ಮೊಟ್ಟೆ ಇಟ್ಟು ನೊಣ ಹೊರಬರದ ಹಾಗೆ ಮಾಡುತ್ತೆ. ಹಿಪ್ಪುನೇರಳೆ ಕುಡಿ ಸುತ್ತೋ ಎಲೆಸುರುಳಿ ಹುಳಕ್ಕೆ ಟ್ರೈಕೋ ಕಾರ್ಡ್ ಕಟ್ತಾರೆ, ಅದರಲ್ಲಿರೋದೂ ಟ್ರೈಕೋಗ್ರಾಮಾ ಕಣಜನೇ. ಪಪ್ಪಾಯ ಹಿಟ್ಟು ತಿಗಣೆ ಬಂದು ಹಿಪ್ಪುನೇರಳೆ ಕುಡಿ ಎಲ್ಲಾ ಮುದುಡಿ, ಏನು ಹೊಡೆದ್ರೂ ಹೋಗದೆ ತೋಟ ಕೀಳೋ ಮಟ್ಟಕ್ಕೆ ಬಂದಿದ್ರಲ್ಲ, 2010ರಲ್ಲಿ ಹೊರದೇಶದಿಂದ ತಂದು ಬಿಟ್ಟ ಅಸೆರೋಫೇಗಸ್ ಪಪಾಯೆ ಅನ್ನೋ ಕಣಜ ಅದನ್ನ ಹತೋಟಿಗೆ ತಂತು, ತಮಿಳುನಾಡಲ್ಲೂ ನಮ್ಮಲ್ಲೂ. ರೇಷ್ಮೆಯವರ ಮನೆ ಇವತ್ತು ನಿಂತಿರೋದರಲ್ಲಿ ಕಣಜದ ಪಾಲು ದೊಡ್ಡದು, ಇದನ್ನ ನಾನು ಹೋದಲ್ಲೆಲ್ಲಾ ಹೇಳ್ತೀನಿ.

ನಿಮ್ಮ ರೇಷ್ಮೆಗೆ ನಿಜವಾದ ಅಪಾಯ ಆ ಬದನೆಗೆ ಹೊಡೆಯೋ ಔಷಧಿ. ಪಕ್ಕದಲ್ಲೇ ಹಿಪ್ಪುನೇರಳೆ ಅಂದ್ರೆ ಗಾಳಿಗೆ ಹನಿ ಬಂದು ಸೊಪ್ಪಿನ ಮೇಲೆ ಕೂರುತ್ತೆ, ನಾಲ್ಕನೇ ಜ್ವರ ಎದ್ದ ಹುಳಕ್ಕೆ ಅದೇ ಸೊಪ್ಪು ಹಾಕಿ ಇಡೀ ಬೆಳೆ ತಟ್ಟೆಯಲ್ಲೇ ವಾಂತಿ ಮಾಡ್ಕೊಂಡು ಸತ್ತ ಮನೆ ನಾನು ಕಣ್ಣಾರೆ ನೋಡಿದೀನಿ, ಆ ಮನೆಯವರ ಮುಖ ಮರೆಯೋಕಾಗಲ್ಲ. ಒಂದು ಕೊಂಬಿನ ಹುಳಕ್ಕೋಸ್ಕರ ಆ ಅಪಾಯ ತಗೋಬೇಡಿ, ಅದು ಹತ್ತು ಎಲೆ ತಿಂದಿರಬಹುದು ಅಷ್ಟೇ. ಬದನೆಗೆ ದುಡ್ಡು ಕಳೆಯೋದು ಕುಡಿ ಮತ್ತು ಕಾಯಿ ಕೊರಕ. ಬಾಡಿದ ಕುಡಿ ಕಂಡ ತಕ್ಷಣ ಹುಳದ ಸಮೇತ ಒಂದು ಗೇಣು ಕೆಳಗೆ ಕತ್ತರಿಸಿ ಸುಡಿ, ತೂತು ಬಿದ್ದ ಕಾಯಿ ಬದುವಿನ ಮೇಲೆ ಎಸೀಬೇಡಿ, ಮೋಹಕ ಬಲೆ ಕಟ್ಟಿ, ಹತ್ತು ಗುಂಟೆಗೆ ಇದು ಕೈಯಲ್ಲಾಗೋ ಕೆಲಸ. ಬದುವಲ್ಲಿ ಕೊತ್ತಂಬರಿ, ಸಾಸಿವೆ ಒಂದಿಷ್ಟು ಹೂವಿಗೆ ಬಿಡಿ. ಬೆಳೆದು ರೆಕ್ಕೆ ಬಂದ ಕಣಜ ಹುಳ ತಿನ್ನಲ್ಲ, ಹೂವಿನ ಸಿಹಿ ಕುಡಿದು ಬದುಕುತ್ತೆ, ಹೂವಿಲ್ಲದ ಹೊಲದಲ್ಲಿ ಎರಡು ಮೂರು ದಿನಕ್ಕೆ ಸಾಯುತ್ತೆ, ಮೊಟ್ಟೆ ಹೊಟ್ಟೆಯಲ್ಲೇ ಉಳಿಯುತ್ತೆ.

ನೋಡೋ ಆಸೆ ಇದ್ರೆ ಆ ಕಡ್ಡಿನ ಹುಳದ ಸಮೇತ ಕತ್ತರಿಸಿ ಅಗಲ ಬಾಯಿಯ ಬಾಟ್ಲಿಗೆ ಹಾಕಿ, ತೆಳು ಬಟ್ಟೆ ಕಟ್ಟಿ, ಬಿಸಿಲು ಬೀಳದ ಕಡೆ ಇಡಿ, ಊದುಬತ್ತಿ ಸೊಳ್ಳೆಬತ್ತಿ ಹತ್ರ ಬೇಡ. ಗೂಡುಗಳ ಬಣ್ಣ ಸ್ವಲ್ಪ ಮಬ್ಬಾಗಿ ತುದಿಯಲ್ಲಿ ಮುಚ್ಚಳ ತೆರೆದಿದ್ದು ಕಂಡ್ರೆ ಮಾರನೇ ಬೆಳಗ್ಗೆ ಬಿಸಿಲು ಏರೋ ಮುಂಚೆ ಬದನೆ ಸಾಲಿಗೆ ತಗೊಂಡು ಹೋಗಿ ಬಟ್ಟೆ ಬಿಚ್ಚಿ. ಅಜ್ಜಿನೂ ಕರ್ಕೊಂಡು ಹೋಗಿ, ಅವರ ಕಣ್ಣಿಗೆ ಕಾಣೋ ಹಾಗೆ ಬಾಟ್ಲಿನ ಬೆಳಕಿಗೆ ಹಿಡೀರಿ.